ಸತ್ಸಂಗಕ್ಕೊಂದು ಊರು

ಸಾಧಕನಿಗೆ ನೆರೆಹೊರೆ ಬೇಕೆ ಎಂಬ ಪ್ರಶ್ನೆಗೆ ಭಾರತದ ಧಾರ್ಮಿಕ ಪರಂಪರೆಗಳು ಒಂದೇ ಉತ್ತರ ಕೊಟ್ಟಿಲ್ಲ. ಒಂದೇ ಪರಂಪರೆಯೊಳಗೆ, ಕೆಲವೊಮ್ಮೆ ಒಂದೇ ಗ್ರಂಥದೊಳಗೆ, ಎರಡು ಉತ್ತರಗಳು ಅಕ್ಕಪಕ್ಕದಲ್ಲಿಯೇ ಸಿಗುತ್ತವೆ. ಪಾಳಿಯ ಸುತ್ತನಿಪಾತದಲ್ಲಿ ಬರುವ ಖಗ್ಗವಿಸಾಣ ಸುತ್ತವು ಸಾಧಕನು ಖಡ್ಗಮೃಗದ ಕೊಂಬಿನ ಹಾಗೆ ಒಂಟಿಯಾಗಿ ಸಂಚರಿಸಬೇಕೆಂದು ಬೋಧಿಸಿದರೆ, ಸಂಯುತ್ತನಿಕಾಯದ ಒಂದು ಸುತ್ತದಲ್ಲಿ, ಒಳ್ಳೆಯವರ ಗೆಳೆತನವೆಂಬುದು ಧರ್ಮಜೀವನದ ಅರ್ಧಭಾಗವಾದೀತು ಎಂದ ಆನಂದನನ್ನು ಬುದ್ಧನು ತಿದ್ದಿ, ಅದು ಅರ್ಧವಲ್ಲ, ಇಡೀ ಧರ್ಮಜೀವನವೇ ಎನ್ನುತ್ತಾನೆ. ಭಗವದ್ಗೀತೆಯ ಆರನೆಯ ಅಧ್ಯಾಯ ಯೋಗಿಯನ್ನು ಏಕಾಂತಕ್ಕೆ ಕಳಿಸುತ್ತದೆ; ಹತ್ತನೆಯ ಅಧ್ಯಾಯದ ಭಕ್ತರಾದರೋ ಒಬ್ಬರಿಗೊಬ್ಬರು ಬೋಧಿಸಿಕೊಳ್ಳುತ್ತ ಅದರಲ್ಲಿಯೇ ತೃಪ್ತಿಪಡುತ್ತಾರೆ. ಶಂಕರರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಭಜಗೋವಿಂದ ಸ್ತೋತ್ರವು ಸತ್ಸಂಗವನ್ನು, ಅಂದರೆ ಸಜ್ಜನರ ಒಡನಾಟವನ್ನು, ನಿಸ್ಸಂಗಕ್ಕೆ, ಅಂದರೆ ಯಾವುದಕ್ಕೂ ಅಂಟಿಕೊಳ್ಳದ ಸ್ಥಿತಿಗೆ, ಮೊದಲ ಮೆಟ್ಟಿಲೆಂದು ಹೇಳಿ ಎರಡನ್ನೂ ಹೊಂದಿಸಲು ನೋಡುತ್ತದೆ. ಆದರೆ ಈ ಉತ್ತರಗಳಲ್ಲಿ ಯಾವುದೂ ಮನೆ ಯಾರದು, ಬಾವಿಯ ನೀರು ಯಾರಿಗೆಷ್ಟು, ಮಕ್ಕಳು ಯಾವ ಶಾಲೆಗೆ ಹೋಗಬೇಕು ಎಂಬ ಪ್ರಶ್ನೆಗಳನ್ನು ಎತ್ತುವುದಿಲ್ಲ. ಏಕಾಂತ ಬೇಕಾದವನಿಗೆ ಕಾಡು, ಸಂಘ ಬೇಕಾದವನಿಗೆ ವಿಹಾರ ಅಥವಾ ಮಠ, ಉಳಿದವರೆಲ್ಲರಿಗೆ ಗೃಹಸ್ಥಾಶ್ರಮ ಎಂಬ ಏರ್ಪಾಡು ಮೊದಲೇ ಇದ್ದುದರಿಂದ ಅಂತಹ ಪ್ರಶ್ನೆಗಳು ತತ್ತ್ವಚಿಂತನೆಯ ಅಂಗಳಕ್ಕೆ ಬರುವ ಅಗತ್ಯವೇ ಇರಲಿಲ್ಲ. ಮದುವೆಯಾದವರೂ ಆಗದವರೂ ತಮ್ಮ ತಮ್ಮ ದುಡಿಮೆಯನ್ನು ಬಿಡದೆ, ಒಬ್ಬ ಗುರುವಿನ ಸಾಧನಾಕ್ರಮವನ್ನು ಹಿಡಿದು, ಒಂದೇ ಊರಿನಲ್ಲಿ ನೆರೆಯವರಾಗಿ ಬಾಳುವ ನಾಲ್ಕನೆಯ ಬಗೆಯೊಂದನ್ನು ಕಟ್ಟಲು ಹೊರಟಾಗ ಮಾತ್ರ ಅವು ಧಾರ್ಮಿಕ ಪ್ರಶ್ನೆಗಳಾಗುತ್ತವೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಶ್ರೇಣಿಯ ತಪ್ಪಲಿನ ಕಾಡಿನಲ್ಲಿರುವ ಆನಂದ ಗ್ರಾಮವು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಪ್ರಶ್ನೆಗಳ ನಡುವೆ ಬದುಕಿರುವುದರಿಂದ, ಅದನ್ನು ಒಂದು ತಾತ್ತ್ವಿಕ ಪ್ರಯೋಗವೆಂದು ಪರಿಶೀಲಿಸಲು ಅವಕಾಶವಿದೆ.

ಆ ಕಾಡು ಪುರಾಣಗಳ ತಪೋವನವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಗ್ರಾಮವಿರುವುದು ಯೂಬಾ ನದಿಯ ಕವಲುಗಳ ನಡುವೆ ಚಾಚಿಕೊಂಡಿರುವ ಸ್ಯಾನ್ ವಾನ್ ರಿಡ್ಜ್ ಎಂಬ ಏಣಿನ ಮೇಲೆ, ನೆವಾಡ ಸಿಟಿ ಎಂಬ ಸಣ್ಣ ಪಟ್ಟಣದ ಸಮೀಪದಲ್ಲಿ. ಹೆಸರಿನ ಹೋಲಿಕೆಯಿಂದ ಇದು ನೆವಾಡ ರಾಜ್ಯದ್ದೆಂದು ಭಾವಿಸುವವರಿದ್ದರೂ ಪಟ್ಟಣವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಪೊಂಡೆರೋಸಾ ಪೈನ್, ಕಪ್ಪು ಓಕ್ ಮತ್ತು ಕೆಂಪು ತೊಗಟೆಯ ಮ್ಯಾನ್ಜನೀಟಾ ಪೊದೆಗಳ ಈ ನೆಲದಲ್ಲಿ ಶತಮಾನಗಳಿಂದ ನಿಸೆನಾನ್ ಎಂಬ ಮೂಲನಿವಾಸಿ ಜನಾಂಗ ಬಾಳಿತ್ತು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಮೇಲೆ ಹೊರಗಿನಿಂದ ನುಗ್ಗಿದ ಗಣಿಗಾರರು ಅವರನ್ನು ಅಲ್ಲಿಂದ ತಳ್ಳಿದರು. ನೀರನ್ನು ದೊಡ್ಡ ಕೊಳವೆಗಳಿಂದ ಭಾರಿ ಒತ್ತಡದಲ್ಲಿ ಚಿಮ್ಮಿಸಿ ಗುಡ್ಡಗಳನ್ನೇ ಕರಗಿಸುವ ಜಲಗಣಿಗಾರಿಕೆಯು ಇದೇ ಏಣಿನ ಮಾಲಕಾಫ್ ಎಂಬಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೆಳಗಿನ ಬಯಲಿನ ಹೊಲಗಳು ಕೆಸರಿನಲ್ಲಿ ಮುಳುಗಿ ರೈತರು ನ್ಯಾಯಾಲಯಕ್ಕೆ ಹೋದಾಗ, 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಕೊಟ್ಟ ತೀರ್ಪು ಅದಕ್ಕೆ ತಡೆ ಹಾಕಿತು. ಆದ್ದರಿಂದ 1960ರ ದಶಕದಲ್ಲಿ ಅಲ್ಲಿಗೆ ಬಂದ ಸಾಧಕರಿಗೆ ದೊರೆತದ್ದು ಮನುಷ್ಯರು ಒಮ್ಮೆ ಅಗೆದು, ಕಡಿದು ಬಿಟ್ಟುಹೋದ ಮೇಲೆ ಮತ್ತೆ ಬೆಳೆದ ಕಾಡು. ಲೋಕದಿಂದ ದೂರ ಹೋದೆವೆಂದು ತಿಳಿಯುವವರು ಹೋಗಿ ಸೇರುವ ಜಾಗಕ್ಕೂ ಒಂದು ಲೋಕವ್ಯವಹಾರದ ಚರಿತ್ರೆ ಇರುತ್ತದೆ.

ಗ್ರಾಮದ ಕಲ್ಪನೆ ಹುಟ್ಟಿದ್ದು ಪರಮಹಂಸ ಯೋಗಾನಂದರಲ್ಲಿ (1893–1952). ಗೋರಖ್‌ಪುರದಲ್ಲಿ ಜನಿಸಿ, 1920ರಲ್ಲಿ ಬೋಸ್ಟನ್ ನಗರದ ಧಾರ್ಮಿಕ ಸಮ್ಮೇಳನಕ್ಕೆಂದು ಹೋಗಿ, 1925ರಲ್ಲಿ ಲಾಸ್ ಏಂಜಲೀಸಿನಲ್ಲಿ ಕೇಂದ್ರಸ್ಥಾನವನ್ನು ಸ್ಥಾಪಿಸಿದ ಈ ಬಂಗಾಳಿ ಸಂನ್ಯಾಸಿಯನ್ನು ಕನ್ನಡಿಗರು ಹೆಚ್ಚಾಗಿ ಬಲ್ಲದ್ದು 1946ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಆತ್ಮಕಥೆಯ ಮೂಲಕ. 1935ರಲ್ಲಿ ಭಾರತಕ್ಕೆ ಮರಳಿದ್ದಾಗ ಅವರು ಮೈಸೂರು ಸಂಸ್ಥಾನದ ಅತಿಥಿಯಾಗಿ ಬಂದು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಭಾಷಣಗಳನ್ನು ಮಾಡಿದರೆಂಬುದು ಆ ಗ್ರಂಥದಲ್ಲಿಯೇ ಇದೆ; ಅದೇ ಪ್ರವಾಸದಲ್ಲಿ ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಆಶ್ರಮದಲ್ಲಿ ಕೆಲವು ದಿನ ಇದ್ದರು. ವ್ರತನಿಷ್ಠರ ಒಂದು ಕೂಡುಜೀವನವನ್ನು ಅವರು ಅಲ್ಲಿ ಹತ್ತಿರದಿಂದ ನೋಡಿದರೂ, ತಾವು ಕಲ್ಪಿಸಿಕೊಂಡದ್ದು ಗಾಂಧೀಜಿಯ ಆಶ್ರಮದ ಪ್ರತಿಯನ್ನಲ್ಲ. ಗಾಂಧೀಜಿಯ ಆಶ್ರಮ ಏಕಾದಶ ವ್ರತಗಳ ಮೇಲೆ ನಿಂತಿತ್ತು, ಮತ್ತು ಅದರ ಗುರಿ ದೇಶದ ಸೇವೆ. ಯೋಗಾನಂದರ ವಿಶ್ವಭ್ರಾತೃತ್ವ ವಸಾಹತುಗಳು, ಅಂದರೆ ಸರಳವಾಗಿ ಬದುಕಿ ಉನ್ನತವಾಗಿ ಚಿಂತಿಸುವ ಕುಟುಂಬಗಳು ಒಂದೆಡೆ ನೆಲೆಸಿ ದುಡಿದು ಧ್ಯಾನಿಸುವ ಸಣ್ಣ ಸಣ್ಣ ಊರುಗಳು, ಕ್ರಿಯಾಯೋಗವನ್ನು ನಡುವಿಟ್ಟುಕೊಳ್ಳಬೇಕಿತ್ತು. ಕ್ರಿಯಾಯೋಗವೆಂದರೆ ಉಸಿರಿನ ಜೊತೆಗೆ ಪ್ರಾಣಶಕ್ತಿಯನ್ನು ಬೆನ್ನುಹುರಿಯ ಉದ್ದಕ್ಕೂ ಮೇಲೆ ಕೆಳಗೆ ಸಂಚರಿಸುವಂತೆ ಭಾವಿಸಿ ಮನಸ್ಸನ್ನು ಒಳಕ್ಕೆ ತಿರುಗಿಸುವ ಒಂದು ಪ್ರಾಣಾಯಾಮಕ್ರಮ. ದೀಕ್ಷೆಯಿಂದ ಮಾತ್ರ ಕಲಿಸಲಾಗುವ ಇದನ್ನು ಬಳಕೆಗೆ ತಂದ ಲಾಹಿರಿ ಮಹಾಶಯರು (1828–1895) ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಕಾಶಿಯಲ್ಲಿ ಹೆಂಡತಿ ಮಕ್ಕಳೊಡನೆ ಸಂಸಾರ ನಡೆಸಿದ ಗೃಹಸ್ಥರು. ಸಂಸಾರಿಯ ಮನೆಯಲ್ಲಿ ಹುಟ್ಟಿದ ಸಾಧನೆಯನ್ನು ಸಂನ್ಯಾಸಿಯೊಬ್ಬರು ಅಮೆರಿಕಕ್ಕೆ ಒಯ್ದು ಅಲ್ಲಿ ಅದಕ್ಕೊಂದು ಮಠವನ್ನು ಕಟ್ಟಿದರು. ಆದರೆ ಮಠದ ಹೊರಗಿದ್ದ ಗೃಹಸ್ಥರಿಗೆ ಎಲ್ಲಿ ಜಾಗ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಸಮುದ್ರತೀರದ ಎನ್ಸಿನಿಟಾಸಿನಲ್ಲಿ ಅಂತಹ ವಸಾಹತೊಂದನ್ನು ಆರಂಭಿಸಲು 1940ರ ದಶಕದಲ್ಲಿ ನಡೆದ ಯತ್ನ ಮುಂದುವರಿಯಲಿಲ್ಲ, ಮತ್ತು ಯೋಗಾನಂದರ ಮರಣಾನಂತರ ಅವರ ಸಂಸ್ಥೆಯಾದ ಸೆಲ್ಫ್ ರಿಯಲೈಸೇಷನ್ ಫೆಲೋಶಿಪ್ ಸಂನ್ಯಾಸಿಗಳ ಸಂಘಟನೆಗೆ, ಅಂಚೆಯ ಮೂಲಕ ಪಾಠ ಕಳಿಸುವ ಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿತು.

ಕೈಬಿಟ್ಟುಹೋದ ಈ ಕಲ್ಪನೆಯನ್ನು ಎತ್ತಿಕೊಂಡವರು ಜೇಮ್ಸ್ ಡೊನಾಲ್ಡ್ ವಾಲ್ಟರ್ಸ್, ಅಂದರೆ ಸ್ವಾಮಿ ಕ್ರಿಯಾನಂದ. ಅಮೆರಿಕನ್ ತಂದೆತಾಯಿಗಳಿಗೆ 1926ರಲ್ಲಿ ರೊಮೇನಿಯಾದಲ್ಲಿ ಜನಿಸಿದ ಅವರು 1948ರಲ್ಲಿ ನ್ಯೂಯಾರ್ಕಿನಲ್ಲಿ ಆ ಆತ್ಮಕಥೆಯನ್ನು ಓದಿ, ಬಸ್ ಹಿಡಿದು ಖಂಡದ ಆಚೆ ತುದಿಯ ಲಾಸ್ ಏಂಜಲೀಸಿಗೆ ಹೋಗಿ ಯೋಗಾನಂದರ ಶಿಷ್ಯರಾದರು. 1949ರ ಬೇಸಿಗೆಯಲ್ಲಿ ಬೆವರ್ಲಿ ಹಿಲ್ಸ್‌ನ ಒಂದು ಉದ್ಯಾನಗೋಷ್ಠಿಯಲ್ಲಿ ಗುರು ಈ ವಸಾಹತುಗಳ ಬಗ್ಗೆ ಮಾಡಿದ ಆವೇಶದ ಭಾಷಣವೇ ತಮ್ಮ ಸಂಕಲ್ಪಕ್ಕೆ ಬೀಜವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಸಂಸ್ಥೆಯ ಉಪಾಧ್ಯಕ್ಷರಾಗಿದ್ದ ಅವರನ್ನು 1962ರಲ್ಲಿ ಹೊರಹಾಕಲಾಯಿತು. ಇದರ ಕಾರಣಗಳನ್ನು ಎರಡು ಪಕ್ಷಗಳೂ ಬೇರೆ ಬೇರೆಯಾಗಿ ಹೇಳುತ್ತವೆ. ಅನಂತರ ಅವರು ಯೋಗ ತರಗತಿಗಳಿಂದ ಬಂದ ಹಣದಲ್ಲಿ, ಕವಿಗಳಾದ ಗ್ಯಾರಿ ಸ್ನೈಡರ್, ಅಲೆನ್ ಗಿನ್ಸ್‌ಬರ್ಗ್ ಮತ್ತು ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಝೆನ್ ಕೇಂದ್ರದ ಮಠಾಧಿಪತಿಯಾದ ರಿಚರ್ಡ್ ಬೇಕರ್ ಅವರೊಡನೆ ಸೇರಿ ಸ್ಯಾನ್ ವಾನ್ ಏಣಿನ ಮೇಲೆ ಜಮೀನು ಕೊಂಡರು. 1968ರಲ್ಲಿ, ಸಹಕಾರೀ ಸಮುದಾಯಗಳನ್ನು ಏಕೆ, ಹೇಗೆ ಕಟ್ಟಬೇಕೆಂಬ ಸಣ್ಣ ಪುಸ್ತಕವೊಂದನ್ನೂ ಬರೆದರು. ಮರುವರ್ಷ ಅಲ್ಲಿಂದ ಕೆಲವು ಮೈಲಿ ದೂರದ ಒಂದು ಫಾರ್ಮ್ ಕೈಗೆ ಬಂದ ಮೇಲೆ, ಧ್ಯಾನಕ್ಕೆಂದು ಬಂದುಹೋಗುವ ಏಕಾಂತಸ್ಥಳವು ನೆಲೆನಿಂತ ಜನರ ಊರಾಯಿತು.

ಸಮಾಜಶಾಸ್ತ್ರದಲ್ಲಿ ಸಂಕಲ್ಪಿತ ಸಮುದಾಯವೆಂದರೆ ಹುಟ್ಟಿನಿಂದಾಗಲಿ ಕೆಲಸದ ನಿಮಿತ್ತದಿಂದಾಗಲಿ ಅಲ್ಲದೆ, ಹೀಗೆ ಬಾಳೋಣವೆಂದು ನಿಶ್ಚಯಿಸಿ ಒಂದೆಡೆ ಸೇರಿದವರ ನೆಲೆ. ಅಮೆರಿಕದಲ್ಲಿ ಅಂತಹವು ನೂರಾರು ಹುಟ್ಟಿವೆ, ಬಹುಪಾಲು ಬೇಗನೆ ಅಳಿದಿವೆ. ಎಮರ್ಸನ್ ಬಳಗಕ್ಕೆ ಹತ್ತಿರವಾಗಿದ್ದ ಬ್ರುಕ್ ಫಾರ್ಮ್ 1841ರಲ್ಲಿ ತೊಡಗಿ 1847ರಲ್ಲಿ ಮುಗಿಯಿತು. ರೋಸಬೆತ್ ಮಾಸ್ ಕ್ಯಾಂಟರ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19ನೆಯ ಶತಮಾನದ 30 ಸಮುದಾಯಗಳನ್ನು ಹೋಲಿಸಿ, 25 ವರ್ಷ ದಾಟಿದ ಒಂಬತ್ತರಲ್ಲಿ ತ್ಯಾಗ, ಆಸ್ತಿಯ ಹೂಡಿಕೆ, ಹೊರಗಿನ ಸಂಬಂಧಗಳ ವಿಸರ್ಜನೆ ಮುಂತಾದ ಕಟ್ಟುಪಾಡುಗಳು ಬಿಗಿಯಾಗಿದ್ದವೆಂದು ತೋರಿಸಿದರು. ಆನಂದ ಗ್ರಾಮ ಈ ಲೆಕ್ಕಕ್ಕೆ ಅರ್ಧ ಮಾತ್ರ ಹೊಂದುತ್ತದೆ. ನೆಲ ಸಮುದಾಯದ್ದೇ ಹೊರತು ವ್ಯಕ್ತಿಗಳದ್ದಲ್ಲ. ಆದರೆ ಆದಾಯವನ್ನು ಒಂದು ಹುಂಡಿಗೆ ಹಾಕುವ ಪದ್ಧತಿಯಿಲ್ಲ, ಪ್ರತಿ ಮನೆಯವರೂ ತಮ್ಮ ಜೀವನೋಪಾಯವನ್ನು ತಾವೇ ನೋಡಿಕೊಂಡು ಸಮುದಾಯಕ್ಕೆ ತಮ್ಮ ಪಾಲು ಸಲ್ಲಿಸುತ್ತಾರೆ. ಶಾಲೆ, ಪುಸ್ತಕ ಪ್ರಕಾಶನ, ಅತಿಥಿಗಳು ಬಂದು ಉಳಿದು ಕಲಿಯುವ ಧ್ಯಾನಕೇಂದ್ರ, ತೋಟ, ಅಂಗಡಿ ಇವು ಊರಿನೊಳಗಿನ ದುಡಿಮೆಗಳು. ಮದ್ಯಪಾನ, ಮಾದಕದ್ರವ್ಯ ಬೇಡವೆಂಬ ನಿಯಮ ಮೊದಲಿನಿಂದ ಇತ್ತು. ಹಿಪ್ಪಿಗಳ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಇದು ಸಣ್ಣ ನಿಯಮವೇನಲ್ಲ, ಬಂದವರಲ್ಲಿ ಅನೇಕರನ್ನು ಜರಡಿ ಹಿಡಿದದ್ದು ತತ್ತ್ವಕ್ಕಿಂತ ಹೆಚ್ಚಾಗಿ ಇದೇ ಇರಬೇಕು. ಈಗ 700ಕ್ಕೂ ಹೆಚ್ಚು ಎಕರೆಗಳಿಗೆ ಹರಡಿರುವ ಊರಿನಲ್ಲಿ ಮನೆಗಳು ಕಾಡಿನ ನಡುವೆ ಗುಂಪುಗುಂಪಾಗಿ ಇವೆ.

ಹಾಗಾದರೆ ಇಂತಹ ಊರು ಸಾಧನೆಗೆ ಕೊಡುವುದೇನು? ಸಾಮಾನ್ಯವಾಗಿ ಕೇಳಿಬರುವ ಉತ್ತರ, ಅನುಕೂಲವಾದ ವಾತಾವರಣ ಎಂಬುದು. ಸುತ್ತಲಿನವರೂ ಬೆಳಿಗ್ಗೆ ಎದ್ದು ಧ್ಯಾನಕ್ಕೆ ಕೂರುವಾಗ ತಾನೂ ಕೂರುವುದು ಸುಲಭ, ಇಚ್ಛಾಶಕ್ತಿಗಿಂತ ಪರಿಸರ ಬಲವಾದದ್ದು ಎಂದು ಯೋಗಾನಂದರೇ ಮತ್ತೆ ಮತ್ತೆ ಬೋಧಿಸುತ್ತಿದ್ದರು. ಈ ಉತ್ತರ ಸುಳ್ಳಲ್ಲ, ಆದರೆ ತೆಳುವಾದದ್ದು. ಅದರ ಪ್ರಕಾರ ಸಮುದಾಯವೆಂಬುದು ಒಳ್ಳೆಯ ಗೊಬ್ಬರವಷ್ಟೇ ಆಗುತ್ತದೆ, ಮತ್ತು ಅಷ್ಟೇ ಬೇಕಿದ್ದರೆ ಮಠವೇ ಸಾಕಿತ್ತು. ಇನ್ನೂ ಗಟ್ಟಿಯಾದ ಉತ್ತರವನ್ನು ಪ್ರಮಾಣಗಳ ಚರ್ಚೆಯಲ್ಲಿ ಹುಡುಕಬಹುದು. ಭಾರತೀಯ ತರ್ಕಶಾಸ್ತ್ರದಲ್ಲಿ ಪ್ರಮಾಣವೆಂದರೆ ಯಥಾರ್ಥಜ್ಞಾನಕ್ಕೆ ಸಾಧನವಾದದ್ದು: ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾದವು. ಧ್ಯಾನದಲ್ಲಿ ದೊರೆಯುವ ಅನುಭವಕ್ಕೆ ಇರುವ ತೊಡಕೆಂದರೆ ಅದನ್ನು ಅನುಭವಿಸಿದವನ ಹೊರತು ಬೇರೆ ಯಾರೂ ಪರೀಕ್ಷಿಸಲಾರರು. ಗುಹೆಯಲ್ಲಿ ಹತ್ತು ವರ್ಷ ಕುಳಿತವನಿಗೆ ತನ್ನ ಅಹಂಕಾರ ಕರಗಿದೆಯೆಂದು ತೋರಬಹುದು, ಏಕೆಂದರೆ ಅಲ್ಲಿ ಅದನ್ನು ಕೆಣಕುವವರೇ ಇಲ್ಲ. ಮಠದಲ್ಲಿ ಕೆಣಕುವವರಿದ್ದರೂ ಹಿರಿಕಿರಿತನಗಳು, ವಿಧಿಗಳು, ಮೌನದ ನಿಯಮಗಳು ಆ ಕೆಣಕಾಟಕ್ಕೆ ಬೇಲಿ ಹಾಕಿರುತ್ತವೆ. ಊರಿನಲ್ಲಿಯಾದರೋ ಬೇಲಿಯ ಜಗಳ, ಬಾಡಿಗೆಯ ಬಾಕಿ, ಪಕ್ಕದ ಮನೆಯ ಮಗುವಿನ ಗದ್ದಲ, ಒಂದೇ ಅಡುಗೆಮನೆಯಲ್ಲಿ ಇಬ್ಬರಿಗೂ ಹಿಡಿದಿರುವ ಹಟ, ಗಂಡಹೆಂಡಿರ ಬೇಸರ ಎಲ್ಲವೂ ಸಾಧಕನ ಬಗ್ಗೆ ಅವನಿಗಿಂತ ನಿಷ್ಪಕ್ಷಪಾತವಾದ ಸಾಕ್ಷ್ಯ ನುಡಿಯುತ್ತವೆ. ಸಮತೆ ಬಂದಿದೆಯೆ ಎಂಬುದನ್ನು ಅವನು ಕಣ್ಣು ಮುಚ್ಚಿ ತೀರ್ಮಾನಿಸುವಂತಿಲ್ಲ. ಅದು ನೆರೆಯವರ ಬಾಯಿಂದ ಬರಬೇಕು. ಹೀಗೆ ನೋಡಿದರೆ ಸಮುದಾಯವು ಸಾಧನೆಯ ಪರಿಸರ ಮಾತ್ರವಲ್ಲ, ಸಾಧನೆಯ ಫಲಕ್ಕೆ ದೊರೆಯಬಹುದಾದ ಏಕಮಾತ್ರ ಬಾಹ್ಯಪ್ರಮಾಣವೂ ಆಗುತ್ತದೆ.

1976ರ ಜೂನ್ ತಿಂಗಳ ಬೆಂಕಿ ಇದಕ್ಕೆ ಒಂದು ನಿದರ್ಶನ. ಬೇಸಿಗೆಯ ಒಣಗಾಲದಲ್ಲಿ ಹಬ್ಬಿದ ಕಾಡ್ಗಿಚ್ಚು ಗ್ರಾಮದ ಮನೆಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿತು. ಗ್ರಾಮದವರು ದಾಖಲಿಸಿರುವಂತೆ, ಕಿಡಿ ಹಾರದಂತೆ ತಡೆಯುವ ಉಪಕರಣ ಕೆಟ್ಟಿದ್ದ ಕೌಂಟಿಯ, ಅಂದರೆ ಜಿಲ್ಲಾಡಳಿತದ, ವಾಹನವೊಂದರಿಂದ ಬೆಂಕಿ ಹೊತ್ತಿಕೊಂಡಿತ್ತು; ನಷ್ಟ ಅನುಭವಿಸಿದ ಅಕ್ಕಪಕ್ಕದವರು ಪರಿಹಾರಕ್ಕಾಗಿ ಆಡಳಿತದ ಮೇಲೆ ದಾವೆ ಹೂಡಿದರು, ಆನಂದದವರು ಹೂಡಲಿಲ್ಲ, ತಮ್ಮ ನಷ್ಟವನ್ನು ಅಲ್ಲಿನ ಇತರ ತೆರಿಗೆದಾರರ ಮೇಲೆ ಹಾಕುವುದು ಸರಿಯಲ್ಲವೆಂದು ತೀರ್ಮಾನಿಸಿದರು. ವಸ್ತುಗಳಿಗಿಂತ ಮನುಷ್ಯರು ಮುಖ್ಯ ಎಂಬುದು ಈ ಊರಿನ ಮೂಲಸೂತ್ರಗಳಲ್ಲಿ ಒಂದು. ಯಾವ ಧ್ಯಾನಮಂದಿರದಲ್ಲಿಯೂ ಅಂತಹ ಸೂತ್ರವನ್ನು ಗೋಡೆಗೆ ತೂಗುಹಾಕಬಹುದು. ಮನೆ ಸುಟ್ಟು ಬೂದಿಯಾದ ಮೇಲೆ, ಪರಿಹಾರದ ಹಣ ಕಾನೂನಿನ ಪ್ರಕಾರ ಕೈಗೆ ಸಿಗುವಂತಿರುವಾಗ, ಅದನ್ನು ಬಿಟ್ಟುಕೊಡುವ ನಿರ್ಧಾರವನ್ನು ಹತ್ತಾರು ಕುಟುಂಬಗಳು ಕೂಡಿ ಮಾಡಿದಾಗ ಮಾತ್ರ ಆ ಸೂತ್ರಕ್ಕೆ ಏನಾದರೂ ತೂಕವಿದೆಯೆಂದು ಗೊತ್ತಾಗುತ್ತದೆ. ಅಪರಿಗ್ರಹ, ಅಂದರೆ ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಟ್ಟುಕೊಳ್ಳದಿರುವ ವ್ರತ, ಇಲ್ಲಿ ಒಬ್ಬನ ಮನೋಧರ್ಮವಾಗಿ ಉಳಿಯದೆ ಒಂದು ಊರಿನ ನಿರ್ಣಯವಾಯಿತು. ಕೆಲವರು ಆ ಬೇಸಿಗೆಯಲ್ಲಿ ಊರು ಬಿಟ್ಟು ಹೋದರು. ಉಳಿದವರು ಮತ್ತೆ ಕಟ್ಟಿದರು.

ಆದರೆ ಈ ಪ್ರಮಾಣಕ್ಕೆ ಒಂದು ಗಡಿ ಇದೆ, ಮತ್ತು ಆನಂದದ ಚರಿತ್ರೆಯ ಅತಿ ಕಷ್ಟದ ಭಾಗ ಆ ಗಡಿಯ ಆಚೆ ನಡೆದದ್ದು. ನೆರೆಯವನು ಸಾಧಕನ ಸ್ವಭಾವವನ್ನು ಪರೀಕ್ಷಿಸಬಲ್ಲ. ಆದರೆ ಇಬ್ಬರೂ ಒಬ್ಬನೇ ಗುರುವನ್ನು, ಒಬ್ಬನೇ ನಾಯಕನನ್ನು ಒಪ್ಪಿದ್ದಾಗ ಆ ಒಪ್ಪಿಗೆಯನ್ನು ಪರೀಕ್ಷಿಸುವವರಾರು? ಕಿರಿಯನ ಕೋಪಕ್ಕೆ ಹತ್ತು ಸಾಕ್ಷಿಗಳು ಸಿಗುವ ಊರಿನಲ್ಲಿ ನಾಯಕನ ನಡತೆಗೆ ಸಾಕ್ಷಿ ಹೇಳುವವರು ಸಿಗುವುದು ಕಷ್ಟ, ಏಕೆಂದರೆ ಅಂತಹ ಸಾಕ್ಷ್ಯ ಹೇಳಿದವನ ಶ್ರದ್ಧೆಯ ಮೇಲೆಯೇ ಅನುಮಾನ ಬೀಳುತ್ತದೆ. 1994ರಲ್ಲಿ ಒಬ್ಬ ಮಾಜಿ ನಿವಾಸಿನಿ ಲೈಂಗಿಕ ಶೋಷಣೆಯ ಆರೋಪಗಳನ್ನು ಒಳಗೊಂಡ ಸಿವಿಲ್ ದಾವೆಯನ್ನು ಹೂಡಿದರು. 1998ರಲ್ಲಿ ಜ್ಯೂರಿಯ ತೀರ್ಪು ಸಂಸ್ಥೆಗೂ ಕ್ರಿಯಾನಂದರಿಗೂ ವಿರುದ್ಧವಾಗಿ ಬಂದು, ಸಂಸ್ಥೆ ದಿವಾಳಿ ರಕ್ಷಣೆಯ ಕಾನೂನಿನ ಮೊರೆ ಹೋಗಬೇಕಾಯಿತು. ಆನಂದದ ಅನುಯಾಯಿಗಳಲ್ಲಿ ಅನೇಕರು ಆ ಮೊಕದ್ದಮೆಯನ್ನು ಹೊರಗಿನವರ ಹಗೆತನದ ಫಲವೆಂದೇ ಇಂದಿಗೂ ವಿವರಿಸುತ್ತಾರೆ. ಆ ವಿವರಣೆಯನ್ನು ಒಪ್ಪದಿರಲು ಸಾಕಷ್ಟು ಕಾರಣವಿದೆ: ಪರಸ್ಪರರಿಗೆ ಕನ್ನಡಿಯಾಗಬೇಕಾಗಿದ್ದ ಸಮುದಾಯ ತನ್ನ ಕೇಂದ್ರದ ಕಡೆಗೆ ಆ ಕನ್ನಡಿಯನ್ನು ತಿರುಗಿಸದೆ, ಆ ಕೆಲಸ ನ್ಯಾಯಾಲಯಕ್ಕೆ ಬೀಳುವಂತಾದದ್ದೇ ಅದರ ಸೋಲು. ಸಮರ್ಪಣೆ ಸಾಧನೆಯ ಅಂಗವಾಗಿರುವ ಯಾವ ಊರಿನಲ್ಲಿಯೂ, ಯಾವ ಮಠದಲ್ಲಿಯೂ ಈ ಅಪಾಯವಿದೆ. ಆದರೆ ಮಠದಿಂದ ಹೊರಬಿದ್ದವನಿಗೆ ಹಿಂದಿರುಗಲು ತವರು ಎಂಬುದೊಂದಿರುತ್ತದೆ, ಇಲ್ಲಿ ಹೊರಬೀಳುವವರು ಗುರು, ಮನೆ, ಕೆಲಸ, ಗೆಳೆಯರು ಎಲ್ಲವನ್ನೂ ಒಂದೇ ದಿನ ಕಳೆದುಕೊಳ್ಳಬೇಕಾಗುತ್ತದೆ. ಶೂನ್ಯಸಂಪಾದನೆಯನ್ನು ಓದಿದ ಕನ್ನಡಿಗರಿಗೆ ಇಲ್ಲಿ ಹೋಲಿಕೆಯೊಂದು ತಾನಾಗಿ ಎದುರಾಗುತ್ತದೆ. ಅಲ್ಲಿ ಅಲ್ಲಮನು ಸೊನ್ನಲಿಗೆಯ ಸಿದ್ಧರಾಮನ ಕೆರೆ ಗುಡಿಗಳ ಕಾಯಕವನ್ನೇ ಪ್ರಶ್ನಿಸುತ್ತಾನೆ, ಮುಕ್ತಾಯಕ್ಕ ಅಲ್ಲಮನಿಗೆ ತಿರುಗಿ ಪ್ರಶ್ನೆ ಹಾಕುತ್ತಾಳೆ. ಪರೀಕ್ಷೆ ನಡತೆಗೆ ನಿಲ್ಲದೆ ನಂಬಿಕೆಯನ್ನೂ ಮುಟ್ಟುತ್ತದೆ, ಕೇಂದ್ರವನ್ನೂ ಬಿಡುವುದಿಲ್ಲ. ಅದು 15ನೆಯ ಶತಮಾನದವರು ಹಿಂದಿನದನ್ನು ಕಲ್ಪಿಸಿಕೊಂಡು ಕಟ್ಟಿದ ಕೃತಿ, 12ನೆಯ ಶತಮಾನದ ಕಲ್ಯಾಣದ ದಿನಚರಿಯಲ್ಲ ಎಂಬುದನ್ನು ನೆನಪಿಟ್ಟರೂ, ಅನುಭವಿಗಳ ಕೂಟ ಹೇಗಿರಬೇಕೆಂಬ ಆದರ್ಶವಾಗಿ ಅದು ಆನಂದ ಗ್ರಾಮದಲ್ಲಿ ಏನು ಇರಲಿಲ್ಲವೆಂಬುದನ್ನು ಖಚಿತವಾಗಿ ತೋರಿಸುತ್ತದೆ.

ಇದೇ ವರ್ಷಗಳಲ್ಲಿ ಇನ್ನೊಂದು ಮೊಕದ್ದಮೆಯೂ ನಡೆಯುತ್ತಿತ್ತು, ಮತ್ತು ತಾತ್ತ್ವಿಕವಾಗಿ ಅದು ಹೆಚ್ಚು ವಿಚಿತ್ರವಾದದ್ದು. ಆನಂದವು ತನ್ನ ಹೆಸರಿನಲ್ಲಿ ಆತ್ಮಸಾಕ್ಷಾತ್ಕಾರವೆಂಬ ಅರ್ಥದ ಇಂಗ್ಲಿಷ್ ಪದವನ್ನು ಸೇರಿಸಿಕೊಂಡಾಗ, ಯೋಗಾನಂದರ ಮೂಲಸಂಸ್ಥೆ 1990ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು; ಗುರುವಿನ ಹೆಸರು, ಭಾವಚಿತ್ರ, ಬರಹ, ಧ್ವನಿಮುದ್ರಣಗಳು ಯಾರ ಸ್ವತ್ತೆಂಬ ವಿವಾದ ಸುಮಾರು ಹನ್ನೆರಡು ವರ್ಷ ನಡೆಯಿತು. ಆತ್ಮಸಾಕ್ಷಾತ್ಕಾರ ಎಂಬ ಪದ ಯಾರೊಬ್ಬರ ವ್ಯಾಪಾರಮುದ್ರೆಯೂ ಆಗಲಾರದೆಂದು ನ್ಯಾಯಾಲಯಗಳು ಹೇಳಿದವು. ಯೋಗಾನಂದರ ಬರಹಗಳು ಸಂಸ್ಥೆಯ ನೌಕರಿಯಲ್ಲಿದ್ದವರ ಕೆಲಸವೆಂಬಂತೆ ಸಂಸ್ಥೆಗೆ ಸೇರಬೇಕೆಂಬ ವಾದವನ್ನು ಮೇಲ್ಮನವಿ ನ್ಯಾಯಾಲಯ 2000ರಲ್ಲಿ ತಳ್ಳಿಹಾಕಿತು. ಕೆಲವು ಚಿತ್ರಗಳು, ಧ್ವನಿಮುದ್ರಣಗಳಂತಹ ಸೀಮಿತ ವಿಷಯಗಳಲ್ಲಿ ಮಾತ್ರ 2002ರಲ್ಲಿ ಮೂಲಸಂಸ್ಥೆಗೆ ಜಯ ಸಿಕ್ಕಿತು. ಸಂನ್ಯಾಸದ ವೇಳೆಗೆ ತನ್ನ ಹೆಸರನ್ನೂ ಕುಲವನ್ನೂ ಬಿಟ್ಟವನು ಬರೆದ ಮಾತಿಗೆ ಒಡೆಯನಾರು ಎಂಬುದು ಧರ್ಮಶಾಸ್ತ್ರಜ್ಞರು ಎತ್ತಬೇಕಾಗಿದ್ದ ಪ್ರಶ್ನೆ. ಅದನ್ನು ಹಕ್ಕುಸ್ವಾಮ್ಯದ ವಕೀಲರು ಎತ್ತಿದರು. ಶಿಷ್ಯರ ಎರಡು ಗುಂಪುಗಳು ಒಬ್ಬ ಗುರುವಿನ ಹೆಸರಿಗಾಗಿ ಖರ್ಚು ಮಾಡಿದ ಹಣ ಎಷ್ಟು ಮನೆಗಳಿಗೆ ಸಾಲುತ್ತಿತ್ತೆಂದು ಕೇಳುವುದು ಲೌಕಿಕ ದೃಷ್ಟಿಯಾದೀತು, ಆದರೆ ಕೇಳದಿರುವುದೂ ಕಷ್ಟ.

ಇದೇ ಏಣಿನ ಮೇಲೆ ಜೊತೆಯಲ್ಲಿ ಜಮೀನು ಕೊಂಡ ಗ್ಯಾರಿ ಸ್ನೈಡರ್ ಹಿಡಿದ ದಾರಿ ಬೇರೆ. ಜಪಾನಿನಲ್ಲಿ ವರ್ಷಗಟ್ಟಲೆ ಝೆನ್ ಅಭ್ಯಾಸ ಮಾಡಿ ಮರಳಿದ ಅವರು 1970ರಲ್ಲಿ ಕಿಟ್‌ಕಿಟ್‌ಡಿಝಿ ಎಂಬ ಮನೆಯನ್ನು, ಸ್ಥಳೀಯ ಪೊದೆಯೊಂದರ ಮೂಲನಿವಾಸಿ ಹೆಸರಿನಿಂದ ಕರೆದು, ಕಟ್ಟಿಕೊಂಡು ಅಲ್ಲಿಯೇ ನೆಲೆನಿಂತರು; ಮುಂದೆ ಅದರ ಬಳಿ ಒಂದು ಧ್ಯಾನಮಂದಿರವೂ ಎದ್ದಿತು. ಅವರ ಬರಹಗಳಲ್ಲಿ ಸಮುದಾಯವೆಂದರೆ ಒಂದು ನಂಬಿಕೆಯವರ ಕೂಟವಲ್ಲ, ಒಂದು ಜಲಾನಯನ ಪ್ರದೇಶದಲ್ಲಿ, ಅಂದರೆ ಒಂದೇ ನದಿಗೆ ನೀರು ಹರಿಸುವ ನೆಲದಲ್ಲಿ, ಬಾಳುವ ಎಲ್ಲ ಜೀವಿಗಳ ಕೂಟ: ಮರ ಕಡಿಯುವವನೂ ಮಂತ್ರ ಜಪಿಸುವವನೂ ಕರಡಿಯೂ ಪೈನ್ ಮರವೂ ಅದರೊಳಗೆ ಸೇರುತ್ತವೆ. ಆ ನೆಲೆಯಲ್ಲಿ ಸ್ಥಳೀಯರು 1990ರಲ್ಲಿ ಯೂಬಾ ಜಲಾನಯನ ಸಂಸ್ಥೆಯನ್ನು ಕಟ್ಟಿಕೊಂಡು ಸರ್ಕಾರಿ ಅರಣ್ಯದ ನಿರ್ವಹಣೆಯಲ್ಲಿ ಪಾಲುಗೊಂಡರು. ಪ್ರಮಾಣದ ಭಾಷೆಯಲ್ಲಿ ಹೇಳುವುದಾದರೆ, ಸ್ನೈಡರ್ ಬಯಸುವ ಸಾಕ್ಷಿಗಳು ತಾನೇ ಆರಿಸಿಕೊಂಡವರಲ್ಲ. ಇದರಲ್ಲಿ ಒಂದು ಶಕ್ತಿಯಿದೆ, ಏಕೆಂದರೆ ತನ್ನ ಗುರುವನ್ನು ಒಪ್ಪದ ನೆರೆಯವನು ನಡತೆಯನ್ನಷ್ಟೇ ಅಲ್ಲದೆ ನಂಬಿಕೆಯನ್ನೂ ಪರೀಕ್ಷೆಗೆ ಒಡ್ಡುತ್ತಾನೆ. ಒಂದು ಕೊರತೆಯೂ ಇದೆ: ಅಂತಹ ನೆರೆಹೊರೆಯಲ್ಲಿ ಬೆಳಗಿನ ಧ್ಯಾನಕ್ಕೆ ಬಾರದವನನ್ನು ಯಾಕೆ ಬರಲಿಲ್ಲವೆಂದು ಕೇಳುವವರಿರುವುದಿಲ್ಲ. ಎರಡು ಊರುಗಳ ನಡುವೆ ಕೆಲವೇ ಮೈಲಿ ಅಂತರ. ಒಂದು ಮತ್ತೊಂದರ ಟೀಕೆಯಾಗಿ ನಿಂತಿರುವುದು ಆ ಏಣಿನ ಭಾಗ್ಯವೆನ್ನಬೇಕು.

ಕ್ರಿಯಾನಂದರು 2013ರಲ್ಲಿ ಇಟಲಿಯ ಅಸ್ಸಿಸಿಯಲ್ಲಿ ತೀರಿಕೊಂಡರು. ಅವರ ನಂತರ ಆಧ್ಯಾತ್ಮಿಕ ನಿರ್ದೇಶನದ ಹೊಣೆ ಬಂದದ್ದು ಜ್ಯೋತಿಷ್ ನೊವಾಕ್ ಮತ್ತು ದೇವಿ ನೊವಾಕ್ ಎಂಬ ದಂಪತಿಗೆ. ದಶನಾಮಿ ಪರಂಪರೆಯಲ್ಲಿ, ಅಂದರೆ ಶಂಕರರಿಗೆ ಸಲ್ಲಿಸಲಾಗುವ ಹತ್ತು ಹೆಸರುಗಳ ಸಂನ್ಯಾಸಿ ಪಂಗಡಗಳಲ್ಲಿ, ಗಂಡಹೆಂಡಿರು ಸ್ವಾಮಿಗಳಾಗಿ ಪೀಠದಲ್ಲಿ ಕೂರುವುದು ಕಲ್ಪನೆಗೂ ಸಿಗದ ಮಾತು. ಆದರೆ ಕ್ರಿಯಾನಂದರು 2009ರಲ್ಲಿ ನಯಸ್ವಾಮಿ ಎಂಬ ಹೊಸ ಸಂನ್ಯಾಸಕ್ರಮವನ್ನು ಆರಂಭಿಸಿ, ಕಾವಿಗೆ ಬದಲಾಗಿ ನೀಲಿ ಬಟ್ಟೆಯನ್ನು ಗೊತ್ತುಮಾಡಿ, ದಂಪತಿಗಳೂ ಅದರೊಳಗೆ ಬರಲು ದಾರಿ ತೆರೆದರು. ತಾವೇ 1985ರಲ್ಲಿ ಮದುವೆಯಾಗಿ ಸಂನ್ಯಾಸ ಬಿಟ್ಟು ಅನಂತರ ಮತ್ತೆ ಸ್ವಾಮಿ ಎನಿಸಿಕೊಂಡಿದ್ದವರು ಇಂತಹ ಕ್ರಮವನ್ನು ರೂಪಿಸಿದ್ದರಲ್ಲಿ ಸ್ವಂತದ ಸಮರ್ಥನೆಯ ಅಂಶವಿಲ್ಲವೆನ್ನಲಾಗದು. ಆದರೂ ಈ ಕ್ರಮ ಊರಿನ ಒಂದು ನಿಜವಾದ ತೊಡಕಿಗೆ ಉತ್ತರವಾಗಿತ್ತು. ನಲವತ್ತು ವರ್ಷ ಜೊತೆಯಲ್ಲಿ ಧ್ಯಾನಿಸಿ, ಮಕ್ಕಳನ್ನು ಬೆಳೆಸಿ, ಮುಪ್ಪಿಗೆ ಬಂದ ಗೃಹಸ್ಥರಿಗೆ ನಾಲ್ಕು ಆಶ್ರಮಗಳ ಹಳೆಯ ಯೋಜನೆಯಲ್ಲಿ ವಾನಪ್ರಸ್ಥವೆಂಬ ಮೂರನೆಯ ಹೆಜ್ಜೆ ಇತ್ತು. ಮನುಸ್ಮೃತಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಕಾಡಿಗೆ ಹೋಗಲು ಅವಕಾಶ ಕೊಡುತ್ತದೆ. ಈ ಜನ ಕಾಡಿಗೆ ಮೊದಲೇ ಹೋಗಿದ್ದರು, ಮನೆಯನ್ನು ಅಲ್ಲಿಯೇ ಕಟ್ಟಿದ್ದರು, ಮತ್ತು ಅವರಿಗೆ ಮುಂದಿನ ಹೆಜ್ಜೆಗೆ ಹೆಸರಿರಲಿಲ್ಲ. ನೀಲಿ ಬಟ್ಟೆ ಆ ಹೆಸರಿಲ್ಲದ ಸ್ಥಿತಿಗೆ ಒಂದು ಗುರುತು ಕೊಟ್ಟಿತು, ಅದು ಸಂನ್ಯಾಸವೇ ಅಲ್ಲವೇ ಎಂಬ ವಾದವನ್ನು ಶಾಸ್ತ್ರಜ್ಞರಿಗೆ ಬಿಟ್ಟು.

ಮುಪ್ಪಿನ ಈ ಪ್ರಶ್ನೆಯ ಮಗ್ಗುಲಲ್ಲಿ ಮಕ್ಕಳ ಪ್ರಶ್ನೆಯಿದೆ. ಹಟರೈಟರಂತಹ ಕ್ರೈಸ್ತ ಸಮುದಾಯಗಳು ಹುಟ್ಟಿನಿಂದ ಬೆಳೆದವು. ಬ್ರಹ್ಮಚರ್ಯವನ್ನು ಕಡ್ಡಾಯ ಮಾಡಿದ ಶೇಕರರು ಅನಾಥ ಮಕ್ಕಳನ್ನು ಸಾಕಿ, ಹೊರಗಿನಿಂದ ಬರುವವರನ್ನು ಕಾದು, ಕೊನೆಗೆ ಬೆರಳೆಣಿಕೆಗೆ ಇಳಿದರು. ಆನಂದ ಗ್ರಾಮದಲ್ಲಿ ಮಕ್ಕಳು ಹುಟ್ಟುತ್ತಾರೆ, ಊರಿನ ಶಾಲೆಯಲ್ಲಿ ಕಲಿಯುತ್ತಾರೆ, ಆದರೆ ಕ್ರಿಯಾದೀಕ್ಷೆ ವಂಶದಿಂದ ಬರುವುದಿಲ್ಲ; ಸಂಕಲ್ಪದಿಂದ ಹುಟ್ಟಿದ ಊರಿನಲ್ಲಿ ಸಂಕಲ್ಪವಿಲ್ಲದೆ ಹುಟ್ಟಿದವರು ಒಂದು ವಯಸ್ಸಿಗೆ ಬಂದ ಮೇಲೆ ತಾವು ಶಿಷ್ಯರೋ ಅಲ್ಲವೋ ಎಂದು ಹೊಸದಾಗಿ ನಿಶ್ಚಯಿಸಬೇಕಾಗುತ್ತದೆ, ಮತ್ತು ಅಲ್ಲವೆಂದವರಿಗೆ ತಂದೆತಾಯಿಯ ಊರು ತಮ್ಮ ಊರೂ ಹೌದೆ ಎಂಬುದು ಸುಲಭದಲ್ಲಿ ಬಗೆಹರಿಯುವಂತಹದ್ದಲ್ಲ. ಆದ್ದರಿಂದ ಈ ಬಗೆಯ ಊರು ಮನೆತನಗಳ ಮೂಲಕ ಬೆಳೆಯುವುದಕ್ಕಿಂತ ಹೊಸಬರ ಮೂಲಕ, ಹೊಸ ಊರುಗಳ ಮೂಲಕ ಬೆಳೆದಿದೆ: ಅಸ್ಸಿಸಿಯ ಬೆಟ್ಟಗಳಲ್ಲಿ, ಪೋರ್ಟ್‌ಲೆಂಡ್, ಸಿಯಾಟಲ್, ಸಿಲಿಕಾನ್ ಕಣಿವೆಯ ಪಾಲೊ ಆಲ್ಟೊ ನಗರಗಳಲ್ಲಿ, ಯೋಗಾನಂದರು ಬಿಟ್ಟುಹೋದ ದೇಶದಲ್ಲಿಯೇ ಪುಣೆಯ ಬಳಿ. ಇವುಗಳಲ್ಲಿ ಹಲವು ಕಡೆ ಜಮೀನಿಲ್ಲ, ಕಾಡಿಲ್ಲ, ಇರುವುದು ಒಂದೇ ವಠಾರದ ಫ್ಲ್ಯಾಟುಗಳು. ನಗರದ ಕೆಲಸಗಳಿಗೆ ಹೋಗಿಬರುವ ಸಾಧಕರು ಸಂಜೆ ಒಂದು ಕೋಣೆಯಲ್ಲಿ ಸೇರುತ್ತಾರೆ, ರಾತ್ರಿ ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ. ಅಲ್ಲಿ ನೆಲ ಹಂಚಿಕೊಳ್ಳುವ ಜಗಳವಿಲ್ಲದಿರುವುದರಿಂದ ನೆರೆಯವರು ಒಬ್ಬರಿಗೊಬ್ಬರು ಸಾಕ್ಷಿಗಳಾಗುವ ಸಂದರ್ಭಗಳು ಕಡಿಮೆ. ಆದರೆ ಬೇಡವೆನಿಸಿದವರು ಹೊರಗೆ ಹೋಗಲು ಬೇಕಾದ ಖರ್ಚೂ ಕಡಿಮೆ, ಮತ್ತು ಒಂದೇ ಗುರುವನ್ನು ಒಪ್ಪದ ಜನ ಗೋಡೆಯ ಆಚೆಗೇ ವಾಸಿಸುತ್ತಾರೆ.